ಹೊಟ್ಟೆಪಾಡಿನ ಲೆಕ್ಕ

ಊರು ಬಿಟ್ಟು ಮುಂಬಯಿ ಕಡೆಗೆ ಬಂದ ನಮ್ಮವರನ್ನು ಯಾಕೆ ಬಂದಿರಿ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಹೊಟ್ಟೆಪಾಡು ಮಾರಾಯ್ರೆ." ಹೋಟೆಲಿನ ಹುಡುಗನೂ ಅದನ್ನೇ ಹೇಳುತ್ತಿದ್ದ, ಎಂ.ಕಾಂ. ಮಾಡಿ ಬ್ಯಾಂಕಿಗೆ ಸೇರಿದ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಹೊಟ್ಟೆಪಾಡಿಗೆ ಬಂದವರು ಹೊಟ್ಟೆಯ ಪಾಡೇನು ಅಂತ ವಿಚಾರಿಸಿಕೊಂಡದ್ದು ಕಡಿಮೆ. ಮೂವತ್ತೇಳು ವರ್ಷ ಬೇರೆಯವರ ಲೆಕ್ಕಪತ್ರ ತಪಾಸಣೆ ಮಾಡಿದ ನಾನು ನನ್ನ ತಟ್ಟೆಯ ಲೆಕ್ಕ ನೋಡಿಕೊಂಡದ್ದು ಐವತ್ತೈದು ದಾಟಿದ ಮೇಲೆ, ಅದೂ ಒಬ್ಬ ಸ್ನೇಹಿತನ ಜೀವಕ್ಕೆ ಕುತ್ತು ತಂದ ನಂತರ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಿನಿಂದ ಬರಬೇಕು.

1987ರಲ್ಲಿ ನನಗೆ ಭಿವಂಡಿಗೆ ವರ್ಗವಾಯಿತು. ಆರ್ಡರ್ ಕೈಗೆ ಬಂದಾಗ ಸಹೋದ್ಯೋಗಿಗಳು ಸಂತಾಪ ಸೂಚಿಸುವವರಂತೆ ಕೈ ಕುಲುಕಿದ್ದರು. 1970ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ನಡೆದ ಗಲಭೆಗಳಿಂದ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಕೆಟ್ಟಿತ್ತು. ಹೋಗಿ ನೋಡಿದರೆ ಅದು ದುಡಿಯುವವರ ಊರು. ಕಲ್ಯಾಣ ನಾಕಾದಿಂದ ಯಾವ ಗಲ್ಲಿಗೆ ತಿರುಗಿದರೂ ಮಗ್ಗದ ಖಟ್ ಖಟ್. ರಾತ್ರಿ ನಿದ್ದೆ ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು. ಆಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು! 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿ ಗಿರಣಿಗಳ ಮುಷ್ಕರ ಶುರುವಾದ ಮೇಲೆ ನೇಯ್ಗೆಯ ಕೆಲಸ ಇನ್ನಷ್ಟು ಈ ಕಡೆ ಹರಿದು ಬಂದಿತ್ತು. ಉತ್ತರ ಪ್ರದೇಶದ ಅನ್ಸಾರಿ ನೇಕಾರರು, ತೆಲಂಗಾಣದಿಂದ ಬಂದು ಪದ್ಮಾನಗರದಲ್ಲಿ ನೆಲೆಸಿದ ಪದ್ಮಶಾಲಿಗಳು, ಬಿಹಾರದವರು, ಮೂಲದ ಆಗರಿ ಮತ್ತು ಕೋಳಿ ಜನ, ಇವರೆಲ್ಲರ ನಡುವೆ ಚಹಾ, ಇಡ್ಲಿ, ವಡೆ ಕೊಡಲು ನಮ್ಮ ಉಡುಪಿ ಕುಂದಾಪುರದ ಹೋಟೆಲಿನವರು.

ಊರು ಬಿಟ್ಟವನ ಊಟ ಹೇಗಿರುತ್ತದೆ ಅನ್ನುವುದನ್ನು ನೋಡಲು ಭಿವಂಡಿಗಿಂತ ಒಳ್ಳೆಯ ಜಾಗವಿಲ್ಲ. ಮಗ್ಗದ ಕೆಲಸಗಾರರು ಒಂದು ಬಗೆಯ ಮೆಸ್‌ನಲ್ಲಿ ಉಣ್ಣುತ್ತಿದ್ದರು, ಅದಕ್ಕೆ ಅಲ್ಲಿ 'ಭಿಸ್ಸಿ' ಅನ್ನುತ್ತಾರೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು, ಪಾಳಿ ಮುಗಿಸಿ ಬಂದು ಸಾಲಾಗಿ ಕೂರಬೇಕು. ಹನ್ನೆರಡು ಗಂಟೆ ನಿಂತು ದುಡಿಯುವವನಿಗೂ ಕುಳಿತು ಲೆಕ್ಕ ಬರೆಯುವ ಮುನೀಮನಿಗೂ ಒಂದೇ ದಾಲ್, ಅದೇ ರೊಟ್ಟಿ, ಅದೇ ಅನ್ನ. ಮುಂಬಯಿಯ ಗಿರಣಗಾಂವ್‌ನಲ್ಲಿ ಇದೇ ಕೆಲಸವನ್ನು ಖಾನಾವಳಿಯ ಹೆಂಗಸರು ಮಾಡುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಆ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ನಮ್ಮ ಬ್ಯಾಂಕ್ ತರಬೇತಿಯಲ್ಲಿ ಅದರ ಮಾತು ಬಂದಾಗ ನನಗೆ ಕಂಡದ್ದು ಸಾಲದ ವಸೂಲಿ ಮಾತ್ರ. ಒಂದು ಪಾತ್ರೆಯಲ್ಲಿ ಬೆಂದದ್ದೇ ಇಪ್ಪತ್ತು ಹೊಟ್ಟೆಗೆ ಹೋಗುತ್ತದೆ ಅನ್ನುವುದು ಹೊಳೆದಿರಲಿಲ್ಲ.

ನಾವು ನಾಲ್ವರು ಒಂದು ರೂಮು ಮಾಡಿಕೊಂಡಿದ್ದೆವು. ನಮ್ಮ ದೊಡ್ಡ ಕಷ್ಟ ಅಕ್ಕಿಯದ್ದು. ಭಿವಂಡಿಯ ಪಕ್ಕದ ವಾಡಾ ತಾಲೂಕಿನ ಕೋಲಂ ಅಕ್ಕಿ ಆ ಕಡೆ ಬಹಳ ಹೆಸರುವಾಸಿ; 2021ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಸಣ್ಣ, ಬಿಳಿ, ಮೃದುವಾದ ಅನ್ನ. ಆದರೆ ಬ್ರಹ್ಮಾವರದ ಕಡೆಯಿಂದ ಬಂದ ನನಗೆ ಅದು ಊಟ ಮಾಡಿದ ಹಾಗೇ ಆಗುತ್ತಿರಲಿಲ್ಲ. ಎರಡು ತಾಸಿಗೆ ಮತ್ತೆ ಹಸಿವು. ಊರಿಗೆ ಹೋದವರು ಬಸ್ಸಿನ ಟಾಪಿನಲ್ಲಿ ಕುಚ್ಚಲಕ್ಕಿ ಚೀಲ ಹಾಕಿಕೊಂಡು ಬರಬೇಕು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಚೀಲಗಳು ಸೀಟಿನ ಕೆಳಗೆ ಬರತೊಡಗಿದವು.

ಈ ಕುಚ್ಚಲಕ್ಕಿಗೂ ಆಹಾರ ವಿಜ್ಞಾನದ ಹುಟ್ಟಿಗೂ ನಂಟಿದೆ ಅಂತ ನನಗೆ ಗೊತ್ತಾದದ್ದು ನಿವೃತ್ತಿಯ ನಂತರದ ಓದಿನಲ್ಲಿ. 1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ ಐಕ್‌ಮನ್ ಅನ್ನುವ ಡಚ್ ವೈದ್ಯರು, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನು, ತೌಡು ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಕಂಡರು. ಮನುಷ್ಯರಲ್ಲಿ ಅದೇ ಬೆರಿಬೆರಿ ರೋಗ. ತೌಡಿನಲ್ಲಿದ್ದ ಆ ವಸ್ತುವಿನ ಹುಡುಕಾಟದಿಂದಲೇ 1912ರಲ್ಲಿ 'ವಿಟಮಿನ್' ಎಂಬ ಹೆಸರು ಬಂತು, 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿದಾಗ ತೌಡಿನ ಬಿ1 ಜೀವಸತ್ವ ಅಕ್ಕಿಯ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಬಹಳಷ್ಟು ಉಳಿಯುತ್ತದೆ. ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರದ ಕರಾವಳಿಯಲ್ಲಿ ಬೆರಿಬೆರಿ ಇತ್ತು, ಕುಚ್ಚಲಕ್ಕಿ ಉಣ್ಣುವ ಕಡೆ ಇರಲಿಲ್ಲ. ನಮ್ಮ ಅಜ್ಜಿಯಂದಿರು ಯಾವ ಕೋಳಿಯನ್ನೂ ಕೇಳದೆ ಭತ್ತ ಬೇಯಿಸುತ್ತಿದ್ದರು.

ನಮ್ಮ ದೇಶದಲ್ಲಿ ಈ ವಿಚಾರಣೆ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರಿಂದ ಶುರುವಾಯಿತು, ಮೊದಲ ವಿಷಯ ಬೆರಿಬೆರಿಯೇ. ಅವರು ಇಲಿಗಳ ಗುಂಪು ಮಾಡಿ ಒಂದೊಂದಕ್ಕೆ ಭಾರತದ ಒಂದೊಂದು ಜನರ ಊಟ ಹಾಕಿದರು: ಸಿಖ್, ಪಠಾಣ, ಮರಾಠಾ, ಬಂಗಾಳಿ, ಮದರಾಸಿ ಹೀಗೆ. ಅದರಲ್ಲಿ 'ಕನಾರೀಸ್' ಅಂದರೆ ಕನ್ನಡಿಗರ ಊಟದ್ದೂ ಒಂದು ಗುಂಪು! ಗೋಧಿ, ಹಾಲು, ಬೇಳೆ, ತರಕಾರಿಯ ಸಿಖ್ ಊಟದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು, ಪಾಲಿಶ್ ಅಕ್ಕಿಯ ಮದರಾಸಿ ಊಟದವು ಕಡೆಗೆ ನಿಂತವು. ಇದನ್ನು ಓದಿದಾಗ ನನಗೆ ನಗು ಬಂತು. ಕನ್ನಡಿಗರ ಊಟ ಅಂದರೆ ಯಾವುದಪ್ಪ? ವಿಜಾಪುರದವನ ಜೋಳದ ರೊಟ್ಟಿಯೋ, ಮಂಡ್ಯದವನ ರಾಗಿ ಮುದ್ದೆಯೋ, ನಮ್ಮ ಗಂಜಿ ಮೀನೋ? 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 344 ಮಿಲಿಗ್ರಾಂ, ಅಷ್ಟೇ ಅಕ್ಕಿಯಲ್ಲಿ ಸುಮಾರು 10. ಈ ಇಬ್ಬರನ್ನೂ ಒಂದೇ ಹೆಸರಿನ ಕೆಳಗೆ ಹೇಗೆ ಬರೆಯುವುದು?

ಆದರೆ ಅವರನ್ನು ದೂರುವ ಹಾಗಿಲ್ಲ, ಆಗ ಪ್ರಶ್ನೆಯೇ ಗುಂಪಿನದ್ದು. ಅವರ ನಂತರ 1935ರಲ್ಲಿ ಕೂನೂರಿಗೆ ಬಂದ ಆಕ್ರಾಯ್ಡ್ ಅವರು 1937ರಲ್ಲಿ ಭಾರತದ ಆಹಾರ ಪದಾರ್ಥಗಳ ಪೌಷ್ಟಿಕ ಮೌಲ್ಯದ ಪಟ್ಟಿ ಹೊರತಂದರು. 1942ರಲ್ಲಿ ಬರ್ಮಾ ಜಪಾನಿಯರ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಿತು, 1943ರಲ್ಲಿ ಮುಂಬಯಿಗೆ ರೇಷನ್ ಬಂತು. ರೇಷನ್ ಅಂದರೆ ತಲೆಗೆ ಇಷ್ಟು. ತಲೆ ಯಾರದ್ದು ಅಂತ ಕೇಳುವುದಿಲ್ಲ. ಅನ್ನದ ಊರಿನಿಂದ ಬಂದ ನಮ್ಮ ಹಿರಿಯರು ಗೋಧಿ ತಿನ್ನಲು ಕಲಿತದ್ದು ಆಗ. ಮುಂದೆ 1972ರ ಬರದಲ್ಲಿ ಮಹಾರಾಷ್ಟ್ರಕ್ಕೆ ಅಮೆರಿಕದ ಕೆಂಪು ಮೈಲೋ ಜೋಳ ಬಂದಾಗಲೂ ಅದೇ ಕಥೆ. ಹಸಿದವರ ದೇಶದಲ್ಲಿ ಮೊದಲ ಲೆಕ್ಕ 'ಎಷ್ಟು ಜನಕ್ಕೆ ಎಷ್ಟು' ಅನ್ನುವುದೇ. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ 1969ರಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯಾಯಿತು. ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಆ ಪಟ್ಟಿಯನ್ನು ಹೊಸದಾಗಿ ತಂದರು, 2017ರಲ್ಲಿ 528 ಪದಾರ್ಥಗಳ ಇನ್ನೂ ಹೊಸ ಪಟ್ಟಿ ಬಂತು. ನಮ್ಮ ತಟ್ಟೆಯ ಲೆಡ್ಜರ್ ಬರೆದವರು ಇವರು. ಆದರೆ ಲೆಡ್ಜರಿನಿಂದ ನನ್ನ ಖಾತೆ ತೆಗೆದು ಬಾಕಿ ಎಷ್ಟು ಅಂತ ಹೇಳಲು ಇನ್ನೊಬ್ಬರು ಬೇಕಲ್ಲ?

ಅದು ನನಗೆ ತಿಳಿಯಲಿಲ್ಲ. 2008ರಲ್ಲಿ, ನಲವತ್ತೇಳನೇ ವಯಸ್ಸಿಗೆ, ಸಕ್ಕರೆ ಕಾಯಿಲೆ ಬಂತು. ಆ ಹೊತ್ತಿಗೆ ಅಲ್ಲಿ ಇಲ್ಲಿ ವರ್ಗವಾಗಿ ಮತ್ತೆ ಭಿವಂಡಿಗೇ ಬಂದು ಕಲ್ಯಾಣ ರಸ್ತೆಯಲ್ಲಿ ಒಂದು ಫ್ಲ್ಯಾಟು ಮಾಡಿದ್ದೆವು. ಕಾಯಿಲೆಯ ಸುದ್ದಿ ಹರಡಿದ್ದೇ ತಡ, ಸಲಹೆಗಳ ಮಳೆ. ಒಬ್ಬರು ಹಾಗಲಕಾಯಿ ರಸ ಅಂದರು, ಒಬ್ಬರು ಮೆಂತೆ ನೀರು, ಮತ್ತೊಬ್ಬರು ಅನ್ನ ಮುಟ್ಟಲೇಬೇಡಿ ಅಂದರು. ಒಂದು ದವಾಖಾನೆಯಲ್ಲಿ ಅಚ್ಚು ಹಾಕಿದ ಹಾಳೆಯೊಂದನ್ನು ಕೊಟ್ಟರು. ಬೆಳಿಗ್ಗೆ ಪಾಲಕ್ ರಸ, ಓಟ್ಸ್, ಹನ್ನೊಂದಕ್ಕೆ ಎಳನೀರು, ಮಧ್ಯಾಹ್ನ ಎರಡು ಚಪಾತಿ, ಮೊಳಕೆ ಕಾಳು, ರಾತ್ರಿ ಸೂಪು, ಉಪ್ಪಿನ ಬದಲು ಕಡಿಮೆ ಸೋಡಿಯಂ ಇರುವ ಉಪ್ಪು. ಮೇಲೆ ನನ್ನ ಹೆಸರು ಬರೆಯಲು ಗೆರೆ ಇತ್ತು, ಅದನ್ನೂ ತುಂಬಿರಲಿಲ್ಲ. ನಾನು ಶಿಸ್ತಿನ ಮನುಷ್ಯ, ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಪಾಲಿಸಿದೆ. ಮೂರು ತಿಂಗಳು ಸಕ್ಕರೆ ಇಳಿಯಿತು. ಆಮೇಲೆ ನಾಲಿಗೆ ಮುಷ್ಕರ ಹೂಡಿತು. ವಾರದ ದಿನ ಓಟ್ಸ್, ಭಾನುವಾರ ಕದ್ದು ಮೂರು ಬಟ್ಟಲು ಅನ್ನ. ವರ್ಷಗಟ್ಟಲೆ ಹೀಗೇ ನಡೆಯಿತು.

ಕಲ್ಯಾಣ ನಾಕಾದ ಹತ್ತಿರ ಕುಂದಾಪುರ ಕಡೆಯ ಒಬ್ಬರು ಹೋಟೆಲು ನಡೆಸುತ್ತಿದ್ದರು. ನಮಗೆಲ್ಲ ಅವರು 'ಅಣ್ಣ'. 1987ರಲ್ಲಿ ರೂಮು ಸಿಗುವವರೆಗೆ ನಾನು ಅವರ ಹೋಟೆಲಿನ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಮಲಗಿದವನು. ಒಂದು ದಿನಕ್ಕೂ ದುಡ್ಡು ತೆಗೆದುಕೊಂಡವರಲ್ಲ. 2016ರಲ್ಲಿ ಅವರಿಗೂ ಸಕ್ಕರೆ ಇರುವುದು ಗೊತ್ತಾಯಿತು. ಜೊತೆಗೆ ರಕ್ತದೊತ್ತಡ, ಕಾಲಲ್ಲಿ ಸ್ವಲ್ಪ ಬಾವು. ಅವರ ಋಣ ತೀರಿಸುವ ಸಂದರ್ಭ ಬಂತು ಅನ್ನುವ ಉತ್ಸಾಹದಲ್ಲಿ ನಾನು ಗೋಡೆಯ ಹಾಳೆ ಬಿಡಿಸಿ, ಜೆರಾಕ್ಸ್ ತೆಗೆಸಿ, ಪಟ್ಟಿಯ ಮೇಲೆ ಅವರ ಹೆಸರು ಚೆಂದವಾಗಿ ಬರೆದು ಕೊಟ್ಟೆ. "ಹೀಗೇ ಮಾಡಿ ಅಣ್ಣ, ನನಗೆ ಮೂರು ತಿಂಗಳಲ್ಲಿ ಇಳಿದಿದೆ" ಅಂದೆ. ನಂತರದ ಕಥೆ ಹೇಳಲಿಲ್ಲ.

ಅವರು ನನಗಿಂತ ಶಿಸ್ತಿನವರು. ಆರು ವಾರದ ಮೇಲೆ ಒಂದು ಬೆಳಿಗ್ಗೆ ಹೋಟೆಲಿನ ಗಲ್ಲಾದಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿದಾಗ ನಾಡಿ ತೀರಾ ನಿಧಾನ, ರಕ್ತದಲ್ಲಿ ಪೊಟ್ಯಾಸಿಯಂ 6 ದಾಟಿತ್ತು. 5ರ ಒಳಗೆ ಇರಬೇಕಾದದ್ದು. ಅವರ ಮೂತ್ರಪಿಂಡ ಮೊದಲೇ ಅರ್ಧ ಸೋತಿತ್ತು, ಯಾರೂ ನೋಡಿರಲಿಲ್ಲ. ಆರೋಗ್ಯವಂತನ ಮೂತ್ರಪಿಂಡ ಹೆಚ್ಚಾದ ಪೊಟ್ಯಾಸಿಯಂ ಹೊರಹಾಕುತ್ತದೆ, ಸೋತದ್ದಕ್ಕೆ ಆಗುವುದಿಲ್ಲ. ಪಾಲಕ್ ರಸ, ಎಳನೀರು, ಮೊಳಕೆ ಕಾಳು ಮೂರರಲ್ಲೂ ಅದು ಧಾರಾಳ. ಕಡಿಮೆ ಸೋಡಿಯಂ ಉಪ್ಪಿನಲ್ಲಂತೂ ಸೋಡಿಯಂ ಬದಲಿಗೆ ಹಾಕುವುದೇ ಪೊಟ್ಯಾಸಿಯಂ ಕ್ಲೋರೈಡ್. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ವಯಸ್ಕರಿಗೆ ಶಿಫಾರಸು ಮಾಡಿತು ನಿಜ, ಆದರೆ ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟೇ ಮಾಡಿತು. ಆ ಹೊರಗಿಡುವ ಸಾಲು ನನ್ನ ಜೆರಾಕ್ಸ್‌ನಲ್ಲಿ ಇರಲಿಲ್ಲ.

ಎರಡು ದಿನ ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಅತ್ತಿಗೆ ನನಗೆ ಚಹಾ ತಂದುಕೊಟ್ಟರು. ಅವರ ಕೈಚೀಲದಲ್ಲಿ ಆ ಹಾಳೆ ನಾಲ್ಕು ಮಡಿಕೆ ಆಗಿ ಇತ್ತು. ಒಬ್ಬ ಗ್ರಾಹಕನ ಪಾಸ್‌ಬುಕ್ಕನ್ನು ಇನ್ನೊಬ್ಬನಿಗೆ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ನನಗೆ ಚಾರ್ಜ್‌ಶೀಟ್ ಆಗುತ್ತಿತ್ತು. ಇಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ.

ಅಣ್ಣ ಉಳಿದರು. ಆಸ್ಪತ್ರೆಯ ವೈದ್ಯರು ಕಲ್ಯಾಣದ ಒಬ್ಬ ಡಯಟೀಷಿಯನ್ ಹತ್ತಿರ ಕಳಿಸಿದರು. ಕೋನ್ ಗಾವ್ ದಾಟಿ, ದುರ್ಗಾಡಿ ಸೇತುವೆ ಮೇಲೆ ರಿಕ್ಷಾದಲ್ಲಿ ನಾನೇ ಕರೆದುಕೊಂಡು ಹೋದೆ. ಮೂವತ್ತೈದರ ಒಳಗಿನ ಹೆಣ್ಣುಮಗಳು, ಪಥ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಇಷ್ಟು ಚಿಕ್ಕವರು ನಮಗೇನು ಹೇಳಿಯಾರು ಅಂತ ಒಳಗೊಳಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

ಅವರು ಮುಕ್ಕಾಲು ಗಂಟೆ ಏನೂ ಹೇಳಲಿಲ್ಲ, ಬರೀ ಕೇಳಿದರು. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಯಾವ ಬಟ್ಟಲಿನಲ್ಲಿ, ಎಷ್ಟು ಹೊತ್ತಿಗೆ? ಹೋಟೆಲಿನಲ್ಲಿ ರುಚಿ ನೋಡಲು ಬಾಯಿಗೆ ಹಾಕಿಕೊಳ್ಳುವುದು ಎಷ್ಟು ಸಲ? ಮನೆಯಲ್ಲಿ ಅಡುಗೆ ಯಾರದ್ದು, ಎಣ್ಣೆ ತಿಂಗಳಿಗೆ ಎಷ್ಟು ತರುತ್ತೀರಿ, ಉಪವಾಸ ಯಾವ ದಿನ? ರಕ್ತದ ರಿಪೋರ್ಟುಗಳನ್ನು, ಮಾತ್ರೆಗಳ ಹೆಸರುಗಳನ್ನು, ತೂಕವನ್ನು ಒಂದೊಂದಾಗಿ ಬರೆದುಕೊಂಡರು. ಆಮೇಲೆ, "ಚಿಕ್ಕಂದಿನಲ್ಲಿ ಅಮ್ಮ ಏನು ಹಾಕುತ್ತಿದ್ದರು?" ಅಂದರು. ಅಣ್ಣ ಕುಚ್ಚಲಕ್ಕಿ ಗಂಜಿಯ ವರ್ಣನೆ ಶುರು ಮಾಡಿದ್ದೇ, "ಉಕಡಾ ತಾಂದೂಳ! ನಮ್ಮ ಅಜ್ಜಿ ಮಾಲ್ವಣದವಳು" ಅಂತ ನಕ್ಕರು. ಇಷ್ಟು ವರ್ಷದಲ್ಲಿ ನಮ್ಮ ಅಕ್ಕಿಯನ್ನು ಗುರುತಿಸಿದ ಮೊದಲ ವೈದ್ಯಕೀಯದವರು ಅವರೇ.

ನಂತರ ಅತ್ತಿಗೆ ಕೈಚೀಲದಿಂದ ಆ ಹಾಳೆ ತೆಗೆದರು. ಅವರು ಓದಿ, "ಇದು ಯಾರದ್ದು?" ಅಂದರು. ನಾನು ತಲೆ ತಗ್ಗಿಸಿ, "ನನ್ನದು" ಅಂದೆ. "ನಿಮ್ಮದೂ ಅಲ್ಲ," ಅಂದರು, "ನಿಮ್ಮದಾಗಿದ್ದರೆ ಇದರಲ್ಲಿ ಒಂದು ಹೊತ್ತಾದರೂ ನೀವು ತಿನ್ನುವ ಅನ್ನ ಇರುತ್ತಿತ್ತು."

ಅಣ್ಣನಿಗೆ ಅವರು ಕೊಟ್ಟ ಸಲಹೆ ಕೇಳಿ ನನಗೆ ಆಶ್ಚರ್ಯವಾಯಿತು. ತರಕಾರಿ ಬೇಯಿಸಿದ ನೀರು ಚೆಲ್ಲಬಾರದು, ಸತ್ವ ಹೋಗುತ್ತದೆ ಅಂತ ಶಾಲೆಯಿಂದ ಕೇಳಿಕೊಂಡು ಬಂದವರು ನಾವು. ಅವರು ಅಣ್ಣನಿಗೆ ಹೇಳಿದ್ದು: ತರಕಾರಿ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಪೊಟ್ಯಾಸಿಯಂ ಅದರ ಜೊತೆ ಹೋಗಲಿ. ಬೇಳೆ ಅಳತೆಯಲ್ಲಿ, ಮೀನು ಒಂದು ತುಂಡು, ಎಳನೀರು ಬೇಡವೇ ಬೇಡ, ಉಪ್ಪು ಮಾಮೂಲಿಯದ್ದೇ, ಆದರೆ ಕಡಿಮೆ. ನನಗೂ ಬೇರೆ ದಿನ ಕೊಟ್ಟರು. ಎರಡೂ ಹೊತ್ತು ಅನ್ನ ಉಂಟು, ಒಂದೊಂದು ಅಳತೆಯ ಬಟ್ಟಲು. ಕುಚ್ಚಲಕ್ಕಿಯೇ ಆಗಲಿ, ಆದರೆ ಅದೂ ಅಕ್ಕಿಯೇ, ಲೆಕ್ಕಕ್ಕೆ ಬರುತ್ತದೆ. ಮೊದಲು ಪಲ್ಯ, ಸಾರಿನ ಬದಲು ದಪ್ಪ ಬೇಳೆ, ಬಂಗುಡೆ ಕರಿಯುವುದರ ಬದಲು ಗಸಿ. ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ 8.9 ಇದ್ದದ್ದು ಎಂಟು ತಿಂಗಳಲ್ಲಿ 7.1ಕ್ಕೆ ಬಂತು. ಮಾತ್ರೆ ನಿಂತಿಲ್ಲ, ನಿಲ್ಲಿಸುವುದೂ ಅವರ ಕೆಲಸವಲ್ಲ. ಅದು ವೈದ್ಯರದ್ದು ಅಂತ ಅವರೇ ಮೊದಲು ಹೇಳಿದ್ದರು. ದರ ಒಂದು ಸಲಕ್ಕೆ ಐನೂರು ರೂಪಾಯಿ. ಅಷ್ಟು ವರ್ಷ ಓಟ್ಸಿಗೆ ಖರ್ಚು ಮಾಡಿದ್ದು ಎಷ್ಟೋ.

ಈ ವೃತ್ತಿಯ ಇತಿಹಾಸ ಹಳೆಯದಲ್ಲ. ಅಮೆರಿಕದಲ್ಲಿ ಡಯಟೀಷಿಯನ್‌ಗಳ ಸಂಘ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಭಾರತೀಯ ಡಯೆಟೆಟಿಕ್ ಸಂಘ 1963ರಲ್ಲಿ ಬಂತು, ಪರೀಕ್ಷೆ ನಡೆಸಿ 'ಆರ್.ಡಿ.', ಅಂದರೆ ನೋಂದಾಯಿತ ಡಯಟೀಷಿಯನ್, ಅನ್ನುವ ಅರ್ಹತೆ ಕೊಡುವ ಪದ್ಧತಿ ತಂದಿತು. ಆದರೆ ಬಹುಕಾಲ ಕಾನೂನಿನ ಹಿಡಿತ ಇರಲಿಲ್ಲ. ಪುಡಿ ಡಬ್ಬ ಮಾರುವವನೂ ಬೋರ್ಡು ಹಾಕಬಹುದಿತ್ತು. 2021ರಲ್ಲಿ ಸಂಸತ್ತು ಮಾಡಿದ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಇಬ್ಬರ ಹೆಸರೂ ಸೇರಿತು. 2023ರಲ್ಲಿ ಬಂದ ವರದಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ ಅಂದಿತು. ಹತ್ತು ಕೋಟಿಗೆ ಒಂದೇ ಹಾಳೆ ಅಚ್ಚು ಹಾಕುವುದು ಸುಲಭ. ಅದರ ಫಲ ನಾನು ನೋಡಿದ್ದೇನೆ.

ಊರಿನಲ್ಲೇ ಇದ್ದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲವೇನೋ ಅಂತ ಕೆಲವೊಮ್ಮೆ ಅನ್ನಿಸುತ್ತದೆ. ಅಲ್ಲಿ ಯಾರಿಗೆ ಯಾವುದು ವಾಯು, ಯಾವುದು ಉಷ್ಣ, ಯಾವ ಮೊಮ್ಮಗನಿಗೆ ಹಲಸಿನ ಹಣ್ಣು ಆಗುವುದಿಲ್ಲ ಅಂತ ತಿಳಿದ ಅಜ್ಜಿ ಇದ್ದಳು. ಅವಳಿಗೂ ಪೊಟ್ಯಾಸಿಯಂ ಗೊತ್ತಿರಲಿಲ್ಲ ಬಿಡಿ. ಆದರೆ ತಟ್ಟೆ ಯಾರದ್ದು ಅಂತ ನೋಡಿ ಬಡಿಸುತ್ತಿದ್ದಳು. ಊರು ಬಿಟ್ಟ ನಾವು ಆ ಕಣ್ಣನ್ನು ಬಿಟ್ಟು ಬಂದೆವು, ಭಿಸ್ಸಿಯ ಸಾಲಿನಲ್ಲಿ ಕೂತೆವು. ಹಾಗಾಗಿ ಈ ಪುಸ್ತಕ ಓದುವ ಹೊರನಾಡಿನವರಲ್ಲಿ ನನ್ನದೊಂದು ಮನವಿ: ಹೋಗುವಾಗ ಪದವಿ ಕೇಳಿ, ಸಂಕೋಚ ಬೇಡ. ಹೊಸ ರಿಪೋರ್ಟು, ಮಾತ್ರೆ ಚೀಟಿ ಒಯ್ಯಿರಿ. ಮೂರು ದಿನ ತಿಂದದ್ದನ್ನು ಸುಳ್ಳಿಲ್ಲದೆ ಬರೆದು ಒಯ್ಯಿರಿ, ಭಾನುವಾರದ್ದೂ ಸೇರಿ. ನಿಮ್ಮನ್ನು ಏನೂ ಕೇಳದೆ ಹಾಳೆ ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ.

ಅಣ್ಣ ಈಗ ಹೋಟೆಲನ್ನು ಮಗನಿಗೆ ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಆ ದಿನ ನನ್ನ ಹೆಂಡತಿ ತೊಂಡೆಕಾಯಿ ಪಲ್ಯ ಎರಡು ಪಾತ್ರೆಯಲ್ಲಿ ಮಾಡುತ್ತಾಳೆ, ಒಂದರ ನೀರು ಚೆಲ್ಲಿ, ಇನ್ನೊಂದರದ್ದು ಇಟ್ಟು. ಬಡಿಸುವಾಗ ನಾನು ಕೈ ಚಾಚಿದರೆ ಅವರು ತಡೆಯುತ್ತಾರೆ: "ತಡೀರಿ, ಅದು ನನ್ನ ಪಾತ್ರೆ."